ಅಮ್ಮನ ಜೊತೆ ಬಸ್ಸು ಹತ್ತದ ಕಂಪ್ಯೂಟರ್

ಅಪ್ಪ ಹೋದ ಮೇಲೆ ಅಮ್ಮ ಕೆಲವು ತಿಂಗಳು ಗೌರಿಬಿದನೂರಿನ ಅಣ್ಣನ ಮನೆಯಲ್ಲಿ, ಕೆಲವು ತಿಂಗಳು ಚಿಂತಾಮಣಿಯ ನನ್ನ ಮನೆಯಲ್ಲಿ ಇರುತ್ತಿದ್ದಳು. ಒಂದು ಬಟ್ಟೆಯ ಚೀಲ, ಒಂದು ಔಷಧಿ ಡಬ್ಬಿ, ಅಷ್ಟೇ ಅವಳ ಸಾಮಾನು. ಕೆಂಚಾರ್ಲಹಳ್ಳಿಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಆಗ ನಡುಗಲು ಶುರುವಾಗಿತ್ತು. ಶಿಡ್ಲಘಟ್ಟದಲ್ಲಿದ್ದ ತಂಗಿಗೆ, ಅಂದರೆ ನಮ್ಮ ಚಿಕ್ಕಮ್ಮನಿಗೆ, ವಾರವಾರವೂ ಕಾಗದ ಬರೆಯುತ್ತಿದ್ದವಳು ನಿಲ್ಲಿಸಿಬಿಟ್ಟಳು. ಚಿಕ್ಕಮ್ಮನಿಗೆ ಕಿವಿ ಮಂದ, ಫೋನಿನಲ್ಲಿ ಮಾತಾಡುವಂತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಕೆಲಸಕ್ಕಿದ್ದ ಬ್ಯಾಂಕಿಗೆ ಕಂಪ್ಯೂಟರ್ ಬಂದದ್ದನ್ನು ನೋಡಿ ಅಮ್ಮ ಕೇಳಿದಳು: "ಇದ್ರಲ್ಲಿ ಕನ್ನಡ ಬರೀಬೋದೇನೇ? ನಂಗೂ ಒಂದು ಚಿಕ್ಕದು ಸಿಗುತ್ತಾ?"

ಅಣ್ಣನೂ ಒಪ್ಪಿದ. ಇಬ್ಬರಿಗೂ ನಡುವೆ ಆಗುತ್ತದೆಂದು ಚಿಕ್ಕಬಳ್ಳಾಪುರದ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಬೆಂಗಳೂರಿನ ಯಾವುದೋ ಆಫೀಸಿನಿಂದ ತಂದಿದ್ದ ಹಳೆಯ ಲ್ಯಾಪ್‌ಟಾಪ್ ಒಂದನ್ನು ಅಮ್ಮನ ತೊಡೆಯ ಮೇಲಿಟ್ಟ. ಕೈ ನಡುಗಿ ಒಂದೇ ಅಕ್ಷರ ನಾಲ್ಕಾರು ಸಲ ಬಿತ್ತು. ಅವನು ಏನೋ ಬದಲಾಯಿಸಿ, "ಈಗ ಒತ್ತಿ ನೋಡಿ ಅಮ್ಮಾ" ಅಂದ. ಅಮ್ಮ ಒಂದೇ ಬೆರಳಿನಿಂದ ಚಿಕ್ಕಮ್ಮನ ಹೆಸರು ಬರೆದು, ಅದನ್ನೇ ನೋಡುತ್ತಾ ಕೂತಳು. ಆಮೇಲೆ ಮುಚ್ಚಳ ಮಡಚಿ, ಎರಡೂ ಕೈಯಲ್ಲಿ ಎತ್ತಿ ನೋಡಿದಳು.

"ಇದು ಚೀಲದಲ್ಲಿ ಹಿಡಿಸುತ್ತೆ ಕಣೋ," ಎಂದಳು ಅಣ್ಣನಿಗೆ.

"ಹಳೇದಮ್ಮಾ. ಬ್ಯಾಟರಿ ನಿಲ್ಲಲ್ಲ, ಕೆಟ್ರೆ ಸಾಮಾನು ಸಿಗಲ್ಲ. ಅದೇ ದುಡ್ಡಿಗೆ ಮೇಜಿನ ಮೇಲಿಡೋ ಹೊಸ ಕಂಪ್ಯೂಟರ್ ಬರುತ್ತೆ, ಮಕ್ಕಳೂ ಕಲೀತಾರೆ," ಅಂದ ಅಣ್ಣ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನಗೂ ಸರಿಯೆನಿಸಿತು. ಅಮ್ಮ ನಮ್ಮಿಬ್ಬರ ಮುಖ ನೋಡಿ, "ಪರವಾಲೇದು, ನೀವು ಹೇಳಿದ್ದೇ ತಗೊಳ್ಳಿ," ಎಂದು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು.

ಸಣ್ಣ ಪೆಟ್ಟಿಗೆಯ ಹೊಸ ಕಂಪ್ಯೂಟರ್ ಗೌರಿಬಿದನೂರಿನ ಮನೆ ಸೇರಿತು. ಅಲ್ಲಿದ್ದಷ್ಟು ದಿನ ಅಮ್ಮ ಮಧ್ಯಾಹ್ನ, ಮಕ್ಕಳು ಸ್ಕೂಲಿಂದ ಬರುವ ಮೊದಲು, ಚಿಕ್ಕಮ್ಮನಿಗೆ ಬರೆದು, ಜೊತೆಗೇ ಕೊಂಡಿದ್ದ ಪ್ರಿಂಟರಿನಲ್ಲಿ ಅಚ್ಚು ತೆಗೆದು ಅಂಚೆಗೆ ಕೊಡುತ್ತಿದ್ದಳು. ಚಿಂತಾಮಣಿಗೆ ಬಂದರೆ ಅದೂ ಇಲ್ಲ. ಒಮ್ಮೆ ಅಣ್ಣ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದ. ದಾರಿಯ ಕುಲುಕಿಗೆ ಏನು ಸಡಿಲವಾಯಿತೋ, ಹೊತ್ತಿಕೊಳ್ಳಲೇ ಇಲ್ಲ. ರಿಪೇರಿಯಾದ ಮೇಲೆ ಮತ್ತೆ ಅದನ್ನು ತರುವ ಮಾತನ್ನು ಯಾರೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ.

ಅಮ್ಮ ಹಾಸಿಗೆ ಹಿಡಿದದ್ದು ನನ್ನ ಮನೆಯಲ್ಲಿ. ಒಂದು ಬೆಳಿಗ್ಗೆ, "ನಿಮ್ಮ ಚಿಕ್ಕಮ್ಮಂಗೆ ಒಂದು ವಿಷ್ಯ ಬರೀಬೇಕಿತ್ತು," ಅಂದಳು.

"ಹೇಳಮ್ಮಾ, ನಾನು ಬರೀತೀನಿ."

ನಾನು ಪೆನ್ನು ಹಿಡಿದು ಕೂತೆ. 'ನಾನು ಕ್ಷೇಮ, ನೀನು ಹೇಗಿದ್ದೀಯ' ಎನ್ನುವಷ್ಟು ಬರೆಸಿ ಗೋಡೆಯ ಕಡೆ ಹೊರಳಿದಳು.

"ಆಮೇಲೆ?"

"ಅದು ಅಕ್ಕ ತಂಗೀರ ಮಾತು ಕಣೇ. ಮಗಳ ಎದುರು ಹೆಂಗೆ ಹೇಳಲಿ? ಸಾಕು ಬಿಡು."

ಆ ಎರಡು ಸಾಲನ್ನೇ ಅಂಚೆಗೆ ಹಾಕಿದೆ. ಅಕ್ಷರ ನನ್ನದೆಂದು ಕಂಡಕೂಡಲೇ ಚಿಕ್ಕಮ್ಮ ಬಸ್ಸು ಹಿಡಿದು ಬಂದಳು. ಅಷ್ಟರಲ್ಲಿ ಅಮ್ಮನ ದನಿ ಇಳಿದುಹೋಗಿತ್ತು. ಚಿಕ್ಕಮ್ಮ ಹಾಸಿಗೆಯ ಅಂಚಿನಲ್ಲಿ ಕೂತು, ಕಿವಿಯನ್ನು ಅಮ್ಮನ ತುಟಿಯ ಹತ್ತಿರ ತಂದು, "ಇನ್ನೊಂದು ಸಲ ಹೇಳೇ ಅಕ್ಕಾ, ಕೇಳಿಸ್ಲಿಲ್ಲ," ಅನ್ನುತ್ತಿದ್ದಳು. ಅಮ್ಮ ಮತ್ತೆ ತುಟಿ ಅಲುಗಿಸಿದಳು. ಕೊನೆಗೆ ನಕ್ಕು, ತಂಗಿಯ ಕೆನ್ನೆ ಸವರಿದಳು.

ತಿಥಿಗೆ ಬಂದಾಗ ಚಿಕ್ಕಮ್ಮ ನನ್ನನ್ನು ಹಿತ್ತಿಲಿಗೆ ಕರೆದು, "ನಿನ್ನ ಹತ್ರ ಏನಾದ್ರೂ ಅಂದ್ಳಾ?" ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.