ಗಟ್ಟಿಮೇಳಕ್ಕೆ ನಿಲ್ಲದ ತೋಡಿ

ಗುಬ್ಬಿಯಲ್ಲೊಂದು ಮದುವೆಗೆ ವಿಡಿಯೋ ತೆಗೆಯೋಕೆ ಹೋಗಿದ್ದೆ. ನಾದಸ್ವರದ ವಿದ್ವಾಂಸರು ಕಣ್ಣು ಮುಚ್ಚಿ ತೋಡಿ ರಾಗ ನುಡಿಸ್ತಿದ್ರು. ಅಂಥ ತೋಡಿ ನಾನು ಯಾವ ಛತ್ರದಲ್ಲೂ ಕೇಳಿರಲಿಲ್ಲ. ವರ ತಾಳಿ ಹಿಡಿದು ನಿಂತಿದ್ದ. ಪುರೋಹಿತರು ಕೈ ಎತ್ತಿ "ಗಟ್ಟಿಮೇಳ, ಗಟ್ಟಿಮೇಳ!" ಅಂತ ಕೂಗಿದ್ರೂ ರಾಗ ನಿಲ್ಲಲಿಲ್ಲ. ಡೋಲಿನವನು ಇಬ್ಬರ ಮುಖಾನೂ ನೋಡಿ, ಕೊನೆಗೆ ಪುರೋಹಿತರಿಗೆ ಹೆದರಿ ಬಾರಿಸೇಬಿಟ್ಟ. ವಿದ್ವಾಂಸರು ವಾದ್ಯ ಕೆಳಗಿಟ್ಟರು.

"ಮುಹೂರ್ತ ಮೀರ್ತಿತ್ತು ಕಣ್ರೀ!" ಅಂದ್ರು ಪುರೋಹಿತರು.

"ಷಡ್ಜಕ್ಕೆ ಬಂದು ನಿಲ್ಲಿಸ್ತಿದ್ದೆ ಸ್ವಾಮಿ. ಒಂದು ಉಸಿರು ತಡ್ಕೊಳ್ಳೋಕೆ ಆಗ್ಲಿಲ್ವಾ?"

ವಾರ ಕಳೆದು ಹುಡುಗಿ ಅಪ್ಪ ಫೋನ್ ಮಾಡಿದ್ರು. "ವಿಡಿಯೋದಲ್ಲಿ ತಾಳಿ ಕಟ್ಟಿದ್ದು ಎಲ್ಲಪ್ಪಾ? ಬರೀ ನಾದಸ್ವರದವರ ಬೆರಳೇ ಇದೆಯಲ್ಲ!"

"ಸೌಂಡ್ ಜಾಸ್ತಿ ಮಾಡಿ ಕೇಳಿ ಸಾರ್," ಅಂದೆ.

ಕೇಳಿರಬೇಕು. ಎರಡನೇ ಮಗಳ ಮದುವೆಗೂ ಅದೇ ವಿದ್ವಾಂಸರನ್ನ ಕರೆಸಿದ್ರಂತೆ. ನನ್ನನ್ನ ಕರೀಲಿಲ್ಲ.