ಅತ್ತಿಗೆ ಉಳಿಸಿದ ಎಂ.ಎ. ತರಗತಿ

ವಿಶ್ವವಿದ್ಯಾಲಯಗಳ ಅನುದಾನವನ್ನು ಇನ್ನು ವಿದ್ಯಾರ್ಥಿಗಳ ಸಂಖ್ಯೆ ನೋಡಿ ಹಂಚುತ್ತಾರೆ ಎಂಬ ಸುದ್ದಿಯನ್ನು ಪತ್ರಿಕೆಗೆ ಬರೆದವನು ನಾನೇ. ಅದರ ಬಿಸಿ ನಮ್ಮ ಮನೆಗೇ ತಟ್ಟಿತು. ನಗರದ ತುಂಬಿದ ಕಾಲೇಜುಗಳಿಗೆ ಹಣ ಹೆಚ್ಚಾಯಿತು. ಕೆ.ಜಿ.ಎಫ್.ನ ಸಣ್ಣ ಕೇಂದ್ರದಲ್ಲಿ ಅರ್ಥಶಾಸ್ತ್ರದ ಎಂ.ಎ.ಗೆ ಬೇಕಾದಷ್ಟು ಜನ ಸೇರಲು ಒಬ್ಬರು ಕಡಿಮೆ ಬಿದ್ದರು. ಆ ಒಬ್ಬರು ಸಿಗದಿದ್ದರೆ ತರಗತಿಯನ್ನೇ ಮುಚ್ಚುತ್ತಿದ್ದರು, ಅಲ್ಲಿ ಸೇರಿದ್ದ ಅಣ್ಣನ ಮಗಳ ಓದು ಅಷ್ಟಕ್ಕೇ ನಿಲ್ಲುತ್ತಿತ್ತು. ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಿಂದ ಅವಳನ್ನು ದಿನಾ ಬೆಂಗಳೂರಿಗೆ ಕಳಿಸಲು ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ.

ಡೇರಿಗೆ ಹಾಲು ಹಾಕಿ ಬಂದ ಅತ್ತಿಗೆ ಕ್ಯಾನು ಕೆಳಗಿಟ್ಟು, "ನಾನೂ ಬಿ.ಎ. ಮಾಡಿದೀನಲ್ಲ, ನಾನೇ ಸೇರ್ಕೊಂತೀನಿ" ಎಂದರು.

ಅಮ್ಮ ನಕ್ಕರು. "ಈ ವಯಸ್ನಾಗೆ ಕಾಲೇಜಾ? ಆಲು ಯಾರೇ ಕರೀತಾರೆ?"

"ನಿಮ್ಮ ಮಗ ಕರೀತಾರೆ ಬಿಡಿ ಅತ್ತೆ."

"ಅವನ್ನ ಕಂಡ್ರೆ ಅಸು ಒದೀತದೆ!"

"ಒದೀಲಿ. ನಂಗೂ ಮೊದ್ಲು ಒದ್ದಿತ್ತು."

ಅಣ್ಣ ಬಕೆಟ್ ಹಿಡಿದು ಕೊಟ್ಟಿಗೆಗೆ ಹೋದ. ಮರುದಿನ ತಾಯಿ ಮಗಳು ಒಂದೇ ಬಸ್ಸಿನಲ್ಲಿ ಕೆ.ಜಿ.ಎಫ್.ಗೆ ಹೊರಟರು. ತರಗತಿ ಉಳಿಯಿತು. ಊರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಗಳ ಹುಡುಗಿಯರಿಗೂ, ಕೂಲಿಯವರ ಮಕ್ಕಳಿಗೂ ಉಳಿಯಿತು.

ಎರಡು ವರ್ಷದ ಮೇಲೆ ಫಲಿತಾಂಶ ಬಂತು, ಇಬ್ಬರೂ ಪಾಸಾದರು. ಅತ್ತಿಗೆಗೆ ಮಗಳಿಗಿಂತ ಹೆಚ್ಚು ಅಂಕ ಬಂದಿದ್ದವು. ಅಂದು ಸಂಜೆ ಅಮ್ಮ ತಾವೇ ಹಾಲು ಹೊತ್ತು ಡೇರಿಗೆ ಹೋಗಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ದಾರಿ ಬಿಡ್ರಮ್ಮ, ನಮ್ಮನ್ಯಾಗೆ ಈಗ ಇಬ್ರು ಎಂ.ಎ. ಅವ್ರೆ."