ಊರಿನ ಕ್ಯಾಲೆಂಡರ್ ನೋಡಿ ದೋಣಿ ಬಿಟ್ಟದ್ದು

ನಾನು ದೋಣಿ ನಡೆಸಿದವನು ಎಂಬ ಸುಳ್ಳನ್ನು ಮಗಳಿಗೆ ಮೊದಲು ಹೇಳಿದಾಗ ಅವಳಿಗೆ ನಾಲ್ಕು ವರ್ಷ. ದುಬೈಯ ಅಪ್ಪನಿಗೆ ಮಕ್ಕಳ ಮುಂದೆ ಕೊಚ್ಚಿಕೊಳ್ಳಲು ಏನಿರುತ್ತದೆ? ಆಫೀಸು, ಟ್ರಾಫಿಕ್ಕು, ವೀಸಾ. ಹಾಗಾಗಿ ಉಡುಪಿ ಕಡೆಯ ನಮ್ಮ ಹೊಳೆಯನ್ನು ಎಳೆದು ತಂದೆ. ಹತ್ತನೇ ವಯಸ್ಸಿಗೇ ನೆರೆ ನೀರಿನಲ್ಲಿ ಒಬ್ಬನೇ ಹುಟ್ಟು ಹಾಕಿದ್ದೆ ಎಂದೆ. ವರ್ಷ ಕಳೆದ ಹಾಗೆ ಹೊಳೆ ಅಗಲವಾಯಿತು, ಮೊಸಳೆಯೊಂದೂ ಬಂದು ಸೇರಿಕೊಂಡಿತು. ನಿಜವಾಗಿ ಹುಟ್ಟು ಹಾಕುತ್ತಿದ್ದವಳು ಅಮ್ಮ. ನಾನು ಕಣ್ಣು ಮುಚ್ಚಿ ಅವಳ ಸೆರಗು ಹಿಡಿದು ಕೂತಿರುತ್ತಿದ್ದೆ.

ಮಗಳಿಗೆ ಹನ್ನೆರಡಾದಾಗ ಅಮ್ಮ ವಿಸಿಟ್ ವೀಸಾದಲ್ಲಿ ದುಬೈಯ ಸತ್ವಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದಳು. ಅದೇ ವಾರ ಮಗಳು, "ಡ್ಯಾಡಿ, ಅಬುಧಾಬಿಯ ಮ್ಯಾಂಗ್ರೋವ್ಸಲ್ಲಿ ದೋಣಿ ಬಾಡಿಗೆಗೆ ಕೊಡ್ತಾರಂತೆ. ಲೆಟ್ಸ್ ಗೋ!" ಎಂದಳು. ಎಂಟು ವರ್ಷದ ಸುಳ್ಳಿನ ಏಕೈಕ ಸಾಕ್ಷಿ ಎದುರಲ್ಲೇ ಕೂತು ಚಾ ಕುಡಿಯುತ್ತಿತ್ತು. ಮಗಳ ಕಣ್ಣಲ್ಲಿ ನಾನು ಸಣ್ಣವನಾಗುವುದು ನನಗೆ ಬೇಡವಾಗಿತ್ತು, ಅಷ್ಟೇ.

"ಹೋಗುವ ಮಾರಾಯ, ನೋಡುವ" ಎಂದಳು ಅಮ್ಮ.

ಶುಕ್ರವಾರ ಬೆಳಿಗ್ಗೆ ಅಡುಗೆಮನೆಯ ಗೋಡೆಯಲ್ಲಿದ್ದ ಮಂಗಳೂರಿನ ಕ್ಯಾಲೆಂಡರಿನ ಮುಂದೆ ನಿಂತೆ. ತಿಥಿ ನೋಡಿ ಉಬ್ಬರ ಇಳಿತ ಹೇಳುವುದು ನಮ್ಮೂರಿನ ಮೀನುಗಾರರ ಕ್ರಮ. ನಾನೂ ಗತ್ತಿನಿಂದ ಬೆರಳು ಮಡಚಿ, "ಮಧ್ಯಾಹ್ನದವರೆಗೆ ನೀರು ಏರ್ತದೆ" ಎಂದು ತೀರ್ಪು ಕೊಟ್ಟೆ. ಇದು ಬೇರೆಯೇ ಕಡಲು ಎಂಬುದು ತಲೆಗೆ ಬರಲಿಲ್ಲ.

ಅಬುಧಾಬಿಯ ಕಾಂಡ್ಲಾ ಕಾಡಿನ ಅಂಚಿನಲ್ಲಿ ದೋಣಿ ಕೊಡುವಾತ ಹಿಂದಿಯಲ್ಲಿ, ನೀರು ಇಳಿಯುತ್ತಿದೆ, ಸಣ್ಣ ಕವಲುಗಳಿಗೆ ನುಗ್ಗಬೇಡಿ ಎಂದ. ಹೊಳೆಬದಿಯವನಿಗೇ ಪಾಠವೇ? "ಮಾಲೂಮ್ ಹೈ ಭಾಯಿ" ಎಂದು ಮುಂದಿನ ಸೀಟಿನಲ್ಲಿ ಕೂತೆ. ನನ್ನ ಹಿಂದೆ ಮಗಳು, ಅವಳ ಹಿಂದೆ ಹೆಂಡತಿ, ಕೊನೆಯಲ್ಲಿ ಅಮ್ಮ. ಅಮ್ಮನ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಕೈಯಲ್ಲಿ ಇನ್ನೊಂದು ಹುಟ್ಟು, ಮಡಿಲಲ್ಲಿ ಬನ್ಸ್ ತುಂಬಿದ ಸ್ಟೀಲ್ ಡಬ್ಬ.

"ನೀನ್ಯಾಕೆ ಮುಂದೆ ಕೂತದ್ದು? ದೋಣಿ ತಿರುಗಿಸುವವ ಹಿಂದೆ ಕೂರುದಲ್ವಾ?"

"ಇದು ಅರಬ್ಬಿ ದೋಣಿ ಅಮ್ಮ, ಸಿಸ್ಟಮ್ ಬೇರೆ."

ದೋಣಿ ಹೊರಟ ಜಾಗದಲ್ಲೇ ಮೂರು ಸುತ್ತು ಹಾಕಿತು. "ರೌಂಡ್‌ಅಬೌಟಲ್ಲಿ ಎಕ್ಸಿಟ್ ಸಿಗ್ತಾ ಇಲ್ವಾ?" ಎಂದಳು ಹೆಂಡತಿ. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹುಟ್ಟು ಬೀಸಿ, ಸಿಕ್ಕಿದ ಮೊದಲ ಸಣ್ಣ ಕವಲಿಗೆ ನುಗ್ಗಿಸಿದೆ. ನೀರು ನೋಡನೋಡುತ್ತಲೇ ಇಳಿಯಿತು. ಹದಿನೈದೇ ನಿಮಿಷದಲ್ಲಿ ದೋಣಿ ಕೆಸರಿನಲ್ಲಿ ಕೂತುಬಿಟ್ಟಿತು. ಏಡಿಯೊಂದು ಬಿಲದಿಂದ ಹೊರಬಂದು ನಮ್ಮನ್ನು ನೋಡಿ, ನೋಡುವಂಥದ್ದೇನೂ ಇಲ್ಲವೆಂದು ಒಳಗೆ ಹೋಯಿತು.

"ಯಲ್ಲಾ ಡ್ಯಾಡಿ, ಬೇಗ! ಮೊಸಳೆ ಬಂದಾಗ ಮಾಡಿದ ಹಾಗೆ ಮಾಡಿ!"

ಮೊಸಳೆ ಬಂದಾಗ ಏನು ಮಾಡಿದ್ದೆನೆಂದು ನನಗೇ ಮರೆತಿತ್ತು. ಇದ್ದಬದ್ದ ಶಕ್ತಿ ಹಾಕಿ ಗಾಳಿಗೂ ನೀರಿಗೂ ಹುಟ್ಟು ಬಡಿದೆ. ಎಲ್ಲರ ಬಟ್ಟೆ ಒದ್ದೆಯಾಯಿತು. ಆಮೇಲೆ ದೋಣಿ ಸಣ್ಣಗೆ ಅಲುಗಿತು, ಜಾರಿತು, ಹಿಂದೆ ಹಿಂದೆ ಸರಿಯುತ್ತಾ ನಡುವಿನ ಕಾಲುವೆಗೆ ಬಂತು.

"ಡ್ಯಾಡಿ, ಯು ಡಿಡ್ ಇಟ್!" ಮಗಳು ಕಿರುಚಿದಳು.

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಹಾಗೆಂದೇ ನಂಬಿದೆ. ದಡಕ್ಕೆ ಬಂದು ಹಿಂತಿರುಗಿ ನೋಡಿದರೆ ಅಮ್ಮನ ಹುಟ್ಟಿಗೆ ಹಿಡಿಯವರೆಗೂ ಕಪ್ಪು ಕೆಸರು, ಮೊಣಕೈಗೂ ಕೆಸರು. ನಾನು ನೀರು ಎರಚುತ್ತಿದ್ದಾಗ ಅವಳು ಹಿಂದೆ ಕೂತು ಹುಟ್ಟನ್ನು ಕೆಸರಿಗೆ ಊರಿ, ಅರವತ್ತೆಂಟರ ತೋಳಿನಲ್ಲಿ ನಮ್ಮೆಲ್ಲರನ್ನೂ ಎಳೆದು ತಂದಿದ್ದಳು.

"ಸಣ್ಣದಿರುವಾಗಲೂ ಹೀಗೇ, ಗಟ್ಟಿಗ" ಎಂದಳು ಮೊಮ್ಮಗಳಿಗೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ನನಗೆ ತಡೆಯಲಾಗಲಿಲ್ಲ. ಮಗಳನ್ನು ಪಕ್ಕಕ್ಕೆ ಕರೆದು, "ದೋಣಿ ತಂದದ್ದು ಅಜ್ಜಿ. ನಂಗೆ ದೋಣಿ ಬಿಡ್ಲಿಕ್ಕೆ ಬರುದಿಲ್ಲ. ಯಾವತ್ತೂ ಬರ್ತಿರ್ಲಿಲ್ಲ" ಎಂದೆ.

"ಐ ನೋ, ಡ್ಯಾಡಿ. ಬಂದ ದಿನವೇ ಅಜ್ಜಿ ಎಲ್ಲ ಹೇಳಿದ್ರು."

"ಮತ್ತೆ ಇಷ್ಟು ದಿನ ಸುಮ್ಮನಿದ್ದದ್ದು?"

"ನಗ್ಬಾರ್ದು ಅಂತ ಪ್ರಾಮಿಸ್ ತಗೊಂಡಿದ್ರು" ಎಂದಳು. ತುಟಿ ಆಗಲೇ ನಡುಗುತ್ತಿತ್ತು. "ಡ್ಯಾಡಿ, ಪ್ಲೀಸ್, ಈಗ ನಗ್ಬಹುದಾ?"

ನಗು ಎಂದೆ. ಅಲ್ಲೇ ಕಿವಿಗೊಟ್ಟು ನಿಂತಿದ್ದ ಹೆಂಡತಿ, ಅಮ್ಮನೂ ಸೇರಿ ಮೂವರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅಮ್ಮ.